ಎಂಟು ಪುಟಗಳಲ್ಲಿ ಒಂದು ತೋಳಮಾನವ: ಹಳೆಯ ಕತ್ತಿ-ಮಾಟದ ಕಥೆಯನ್ನು ಕಾಮಿಕ್ಸ್ ಮಾಡುವ ಬಗೆ

ತೋಳಮಾನವನ ಕಾಮಿಕ್ಸ್ ಮಾಡುತ್ತೇನೆಂದು ಬರುವ ಹುಡುಗರು ಮೊದಲು ಬಿಡಿಸಿ ತರುವುದು ಒಂದೇ ಚಿತ್ರ: ಹುಣ್ಣಿಮೆ ಚಂದ್ರ, ಹರಿದ ಅಂಗಿ, ಮುಂದಕ್ಕೆ ಚಾಚುತ್ತಿರುವ ಮೂತಿ, ಕತ್ತೆತ್ತಿ ಊಳು. ಚಿತ್ರ ಚೆನ್ನಾಗಿಯೇ ಇರುತ್ತದೆ. ಆದರೆ ಅದು ಸಿನಿಮಾದ ಸರಕು. ಮನುಷ್ಯ ತೋಳವಾಗುವ ಹೊತ್ತನ್ನು ಹಿಂಜಿ ಹಿಂಜಿ ತೋರಿಸುವುದು ಚಲಿಸುವ ಚಿತ್ರಕ್ಕೆ ಒಗ್ಗುತ್ತದೆ. ನಮ್ಮ ಹಾಳೆಯ ಮೇಲೆ ಯಾವುದೂ ಚಲಿಸುವುದಿಲ್ಲ. ಅದಕ್ಕೇ ನಾನು ಎಲ್ಲರನ್ನೂ ಹಳೆಯ ಪಲ್ಪ್ ಪತ್ರಿಕೆಗಳ (ಅಗ್ಗದ ಕಾಗದದ ಕಥಾಪತ್ರಿಕೆಗಳ) ಕತ್ತಿ-ಮಾಟದ ಕಥೆಗಳ ಕಡೆ ತಳ್ಳುವುದು. ಅಲ್ಲಿ ತೋಳ ಬರುವ ದಾರಿ ಬೇರೆ. ಸೊಂಟಕ್ಕೆ ಕತ್ತಿ ಕಟ್ಟಿಕೊಂಡು, ದಾರಿಹೋಕನ ಜೊತೆ ಹೆಜ್ಜೆ ಹಾಕುತ್ತಾ, ಹರಟುತ್ತಾ ಬರುತ್ತದೆ.

ಒಂದೇ ಕಥೆ ಹಿಡಿದು ಕೊನೆಯವರೆಗೂ ಹೋಗೋಣ. ಅಮೆರಿಕದ ರಾಬರ್ಟ್ ಇ. ಹೋವರ್ಡ್ ಬರೆದ 'ಇನ್ ದ ಫಾರೆಸ್ಟ್ ಆಫ್ ವಿಲ್‌ಫೇರ್'. 'ವಿಯರ್ಡ್ ಟೇಲ್ಸ್' ಪತ್ರಿಕೆಯ 1925ರ ಆಗಸ್ಟ್ ಸಂಚಿಕೆಯಲ್ಲಿ ಅಚ್ಚಾದಾಗ ಅವನಿಗೆ 19 ವರ್ಷ. ಅವನ ಹೆಸರಾಂತ ಪಾತ್ರ ಕೊನಾನ್ ಹುಟ್ಟುವುದಕ್ಕೆ ಇನ್ನೂ ಏಳು ವರ್ಷ ಬಾಕಿ. ಈ ಬಗೆಯ ಕಥೆಗಳಿಗೆ 'ಸೋರ್ಡ್ ಅಂಡ್ ಸಾರ್ಸರಿ' ಎಂಬ ಹೆಸರನ್ನು ಲೇಖಕ ಫ್ರಿಟ್ಸ್ ಲೈಬರ್ ಇಟ್ಟದ್ದು 1961ರಲ್ಲಿ. ಹೆಸರಿಗೆ ಮುಂಚೆಯೇ ಸರಕು ಇತ್ತು. ಪತ್ರಿಕೆಯಲ್ಲಿ ಎರಡು ಮೂರು ಪುಟಕ್ಕೆ ಮುಗಿಯುವಷ್ಟು ಪುಟ್ಟ ಕಥೆ, ಎರಡೇ ಪಾತ್ರ, ಒಂದೇ ರಾತ್ರಿ, ಒಂದೇ ಕಾಡು. ಮೊದಲ ಕಾಮಿಕ್ಸ್ ರೂಪಾಂತರಕ್ಕೆ ಇದಕ್ಕಿಂತ ಒಳ್ಳೆಯ ಕಥೆ ನನಗೆ ಸಿಕ್ಕಿಲ್ಲ.

ಹಕ್ಕಿನ ಮಾತು ಮೊದಲೇ ಮುಗಿಸಿಬಿಡುತ್ತೇನೆ. ಹೋವರ್ಡ್ ತೀರಿಕೊಂಡದ್ದು 1936ರ ಜೂನ್‌ನಲ್ಲಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯಂತೆ ಲೇಖಕ ಸತ್ತ ಮುಂದಿನ ವರ್ಷದಿಂದ 60 ವರ್ಷ ಎಣಿಸಿದರೂ 1996ರ ಕೊನೆಯೊಳಗೇ ಹಕ್ಕು ಮುಗಿದಿದೆ. ಅಮೆರಿಕದಲ್ಲಿ 1925ರಲ್ಲಿ ಅಚ್ಚಾದದ್ದು 2021ರ ಜನವರಿ 1ರಿಂದ ಎಲ್ಲರ ಸ್ವತ್ತು. ಅಂದರೆ ಮೂಲ ಕಥೆಯನ್ನು ಯಾರ ಅಪ್ಪಣೆಯೂ ಇಲ್ಲದೆ ಚಿತ್ರಿಸಬಹುದು, ಮಾರಬಹುದು. ಆದರೆ ಬೇರೆಯವರು ಈಚೆಗೆ ಮಾಡಿದ ರೂಪಾಂತರದ ಪ್ಯಾನೆಲ್ (ಚೌಕಟ್ಟಿನೊಳಗಿನ ಒಂದು ಚಿತ್ರ) ಎತ್ತಿಕೊಂಡರೆ ಅದು ಕಳವು. ಕೊನಾನ್‌ನಂಥ ಹೆಸರುಗಳ ಮೇಲೆ ಟ್ರೇಡ್‌ಮಾರ್ಕ್ ಇದೆ, ಆ ಕಡೆ ತಲೆಹಾಕಬೇಡಿ. ಲೇಖಕನ ಹೆಸರನ್ನು 'ಮೂಲ ಕಥೆ' ಎಂದು ಸಣ್ಣಗೆ ಹಾಕಿ; ರಕ್ಷಾಪುಟದ ಮೇಲೆ ಲೋಗೋ ಥರ ಮೆರೆಸಬೇಡಿ.

ಈಗ ಕಥೆ. ನಾರ್ಮಂಡಿಯ ದೆ ಮಾಂತೂರ್ ಎಂಬವನು ಸಂಜೆ ಕವಿಯುವ ಹೊತ್ತಿಗೆ ವಿಲ್‌ಫೇರ್ ಕಾಡು ಹೊಕ್ಕಿದ್ದಾನೆ. ಇಂಗ್ಲಿಷರ ಜೊತೆ ಒಪ್ಪಂದವಾಗಿದೆ, ಸುದ್ದಿಯನ್ನು ಬರ್ಗಂಡಿಯ ಡ್ಯೂಕನಿಗೆ ಮುಟ್ಟಿಸುವ ಅವಸರ. ಹಳ್ಳಿಯವರು ಕಾಡಲ್ಲಿ ತೋಳವಿದೆ, ಬೇಡ ಎಂದರೂ ಕೇಳಿಲ್ಲ. ದಾರಿಯಲ್ಲಿ ಒಬ್ಬ ಎತ್ತರದ, ಬಡಕಲು ಆಸಾಮಿ ಸಿಗುತ್ತಾನೆ. ಸ್ಪೇನಿನ ಛಾಯೆಯ ಉಡುಪು, ಸೊಂಟದಲ್ಲಿ ಉದ್ದನೆಯ ರೇಪಿಯರ್ ಕತ್ತಿ, ಮುಖಕ್ಕೆ ಮುಖವಾಡ. ಹೆಸರು ಕರೋಲಸ್ ಲ ಲೂ. ಮುಖವಾಡ ಏಕೆಂದರೆ ಹರಕೆ ಎನ್ನುತ್ತಾನೆ: ಬೆನ್ನಟ್ಟಿದ ಬೇಟೆನಾಯಿಗಳಿಂದ ತಪ್ಪಿಸಿಕೊಂಡರೆ ಕೆಲಕಾಲ ಮುಖ ಮುಚ್ಚಿಕೊಂಡಿರುತ್ತೇನೆ ಅಂತ. ನಾಯಿಗಳೇ ಎಂದು ಮಾಂತೂರ್ ಕೇಳಿದ್ದೇ ತಡ, ಅಲ್ಲಲ್ಲ, ತೋಳಗಳು ಎಂದೆ ಎಂದು ತಿದ್ದಿಕೊಳ್ಳುತ್ತಾನೆ. ಆಮೇಲೆ ಯಾರೂ ತುಳಿಯದ ಒಂದು ಇಕ್ಕಟ್ಟು ದಾರಿ, ಅದರ ಕೊನೆಗೆ ಬೆಳದಿಂಗಳ ಬಯಲು. ದಾರಿ ಅಲ್ಲಿಗೇ ನಿಲ್ಲುತ್ತದೆ. ಅಲ್ಲಿ ಆಸಾಮಿ ಕುಣಿಯುತ್ತಾನೆ, ನಾಲ್ಕು ಕಾಲಿಗಿಳಿಯುತ್ತಾನೆ, ಎಗರುತ್ತಾನೆ. ಮುಖವಾಡ ಕಿತ್ತು ಬರುತ್ತದೆ. ಒಳಗೆ ತೋಳದ ಮುಖ.

ದೇಹ ಮನುಷ್ಯನದು, ಮುಖ ಮೊದಲಿನಿಂದಲೂ ತೋಳದ್ದು. ಇದನ್ನು ಗಮನಿಸಿದರೆ ಅರ್ಧ ಕೆಲಸ ಆಯಿತು. ಇಲ್ಲಿ ಬದಲಾಗುವ ದೃಶ್ಯವಿಲ್ಲ, ಬಯಲಾಗುವ ದೃಶ್ಯವಿದೆ. ಬದಲಾವಣೆಗೆ ಹತ್ತು ಪ್ಯಾನೆಲ್ ಬೇಕು. ಬಯಲಾಗುವುದಕ್ಕೆ ಒಂದು ಪುಟ ತಿರುಗಿಸಿದರೆ ಸಾಕು, ಆ ತಿರುಗಿಸುವ ಕೈ ಓದುಗನದೇ.

ಗುಟ್ಟು ಕಾಯಬೇಡಿ

ಗದ್ಯದಲ್ಲಿ ಮುಖವಾಡವನ್ನು ಒಮ್ಮೆ ಹೇಳಿ ಮರೆಸಬಹುದು. ಕಾಮಿಕ್ಸ್‌ನಲ್ಲಿ ಅದು ಪ್ರತಿ ಪ್ಯಾನೆಲ್‌ನಲ್ಲೂ ಎದುರಿಗೇ ಇರುತ್ತದೆ. ಮೇಲಾಗಿ ಅವನ ಹೆಸರಲ್ಲೇ ತೋಳ ಇದೆ ('ಲೂ' ಎಂದರೆ ಫ್ರೆಂಚ್‌ನಲ್ಲಿ ತೋಳ), ನಾಯಿ-ತೋಳದ ಎಡವಟ್ಟೂ ಆಗಿದೆ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಓದುಗನಿಗೆ ಎಲ್ಲ ಗೊತ್ತು. ಗೊತ್ತಾಗಲಿ ಬಿಡಿ. ಓದುಗನಿಗೆ ಗೊತ್ತಿದ್ದು ಮಾಂತೂರ್‌ಗೆ ಗೊತ್ತಿಲ್ಲದಿರುವುದೇ ಈ ಕಥೆಯ ಬಂಡವಾಳ. ಮುಖವಾಡದವನನ್ನು ಕತ್ತಲಲ್ಲಿ ಅಡಗಿಸಿ ಸಸ್ಪೆನ್ಸ್ ಮಾಡಲು ಹೋದರೆ ಕತ್ತಲೂ ಕೆಡುತ್ತದೆ, ಸಸ್ಪೆನ್ಸೂ ಕೆಡುತ್ತದೆ. ಅವನನ್ನು ಢಾಳಾಗಿ ತೋರಿಸಿ. ಮಾಂತೂರ್ ಮಾತ್ರ ಯಾವಾಗಲೂ ಬೇರೆ ಕಡೆ ನೋಡುತ್ತಿರಲಿ, ದಾರಿ ಕಡೆ, ಮರಗಳ ಕಡೆ, ತನ್ನ ಬೂಟಿನ ಕಡೆ.

ಮುಖವಾಡದ ವಿನ್ಯಾಸದಲ್ಲಿ ಒಂದು ತೊಡಕಿದೆ, ಪೆನ್ಸಿಲ್ ಹಿಡಿದಾಗಲೇ ಅದು ಗೊತ್ತಾಗುವುದು. ತೋಳದ ಮೂತಿ ಚಪ್ಪಟೆ ಮುಖವಾಡದೊಳಗೆ ಹಿಡಿಸುವುದಿಲ್ಲ. ಹೋವರ್ಡ್‌ಗೆ ಆ ಚಿಂತೆ ಇರಲಿಲ್ಲ, ನಮಗಿದೆ. ನಾನು ಆರಿಸಿಕೊಂಡದ್ದು ವೆನಿಸ್‌ನ 'ಬಾವುತಾ' ಮುಖವಾಡದ ಆಕಾರ. ಮೂಗಿನ ಕೆಳಗೆ ಅದು ನೇಗಿಲಿನ ಹಾಗೆ ಮುಂದಕ್ಕೆ ಚಾಚಿಕೊಂಡಿರುತ್ತದೆ. ತೊಟ್ಟುಕೊಂಡೇ ಉಣ್ಣಬಹುದು, ಕುಡಿಯಬಹುದು, ದನಿಯೂ ಬದಲಾಗುತ್ತದೆ. ಕಾಲದ ಲೆಕ್ಕದಲ್ಲಿ ಅದು ಈ ಕಥೆಗಿಂತ ಈಚಿನದು, ಆದರೆ ಈ ಕಥೆಯ ಕಾಲವೇ ಕಲಸುಮೇಲೋಗರ. ಸ್ವತಂತ್ರ ಬರ್ಗಂಡಿಯ ಡ್ಯೂಕರ ಸಾಲು 1477ರಲ್ಲಿ ದಿಟ್ಟ ಚಾರ್ಲ್ಸ್ ನಾನ್ಸಿಯಲ್ಲಿ ಸತ್ತಾಗ ಮುಗಿಯಿತು. ರೇಪಿಯರ್ ಕತ್ತಿ 16ನೇ ಶತಮಾನದ್ದು. ಎರಡರಲ್ಲಿ ಒಂದನ್ನು ಬಿಡಲೇಬೇಕಾದರೆ ನಾನು ಇತಿಹಾಸವನ್ನು ಬಿಡುತ್ತೇನೆ, ರೇಪಿಯರನ್ನಲ್ಲ. ಆ ತೆಳ್ಳನೆಯ ಉದ್ದ ಗೆರೆ ಪ್ಯಾನೆಲ್ ಒಳಗೆ ಬಾಲದಂತೆ ಆಡುತ್ತದೆ. ಕರೋಲಸ್‌ನ ಉಡುಪು ಸ್ಪೇನಿನ 16ನೇ ಶತಮಾನದ ಕಪ್ಪು ಇರಲಿ, ಮುಖವಾಡ ಬಿಳಿ. ಕಾಡಿನ ಕತ್ತಲಲ್ಲಿ ದೇಹ ಕರಗಿ ಮುಖವಾಡ ಒಂದೇ ತೇಲುತ್ತಾ ಹೋಗುತ್ತದೆ. ಪ್ಲೇಗ್ ವೈದ್ಯರ ಕೊಕ್ಕಿನ ಮುಖವಾಡ ಮಾತ್ರ ಬೇಡ. ಅದು ಬೇರೆಯದೇ ಕಥೆಯನ್ನು ಎಳೆದು ತರುತ್ತದೆ.

ಪುಟಗಳ ಹಂಚಿಕೆ

ಎಂಟು ಪುಟ ಎಂದು ಗಟ್ಟಿ ಮಾಡಿಕೊಳ್ಳಿ. ಅಚ್ಚಿನ ಪುಸ್ತಕದಲ್ಲಿ ಬೆಸ ಸಂಖ್ಯೆಯ ಪುಟ ಬಲಕ್ಕೆ, ಸಮ ಸಂಖ್ಯೆಯದು ಎಡಕ್ಕೆ. ತಿರುಗಿಸಿದಾಗ ಕಣ್ಣಿಗೆ ಮೊದಲು ಬೀಳುವುದು ಸಮ ಸಂಖ್ಯೆಯ ಪುಟ. ಹಾಗಾಗಿ ತೋಳದ ಮುಖ ಆರನೇ ಪುಟದಲ್ಲೇ ಬರಬೇಕು. ಐದರಲ್ಲೂ ಆಗದು, ಏಳರಲ್ಲೂ ಆಗದು. ಎದುರು-ಬದುರು ಪುಟವಾದರೆ ಓದುಗನ ಕಣ್ಣು ಓರೆಯಾಗಿ ಮೊದಲೇ ಅಲ್ಲಿಗೆ ಹಾರಿರುತ್ತದೆ. ಆರನ್ನು ನೆಟ್ಟು ಹಿಂದಕ್ಕೂ ಮುಂದಕ್ಕೂ ಅಳೆಯಿರಿ. ಒಂದನೇ ಪುಟ ಸೂರ್ಯಾಸ್ತ, ಕಾಡು, ಒಂಟಿ ದಾರಿಹೋಕ. ಎರಡು-ಮೂರು ಭೇಟಿ, ಹರಕೆ, ನಾಯಿ-ತೋಳ. ನಾಲ್ಕು ಇಕ್ಕಟ್ಟು ದಾರಿ. ಐದು ಬಯಲು, ಕುಣಿತ, ಎಗರು. ಐದರ ಕೊನೆಯ ಪ್ಯಾನೆಲ್‌ನಲ್ಲಿ ಮುಖವಾಡದ ಅಂಚಿಗೆ ಸಿಕ್ಕಿದ ಬೆರಳುಗಳು. ಆರು, ಇಡೀ ಪುಟ, ಮುಖ. ಏಳು ಹೋರಾಟ. ಎಂಟು ಕಾಯುವಿಕೆ.

ಮೊಬೈಲ್‌ನಲ್ಲಿ ಕೆಳಕ್ಕೆ ಉರುಳಿಸಿ ಓದುವ ರೂಪದಲ್ಲಿ ಮಾಡುವುದಾದರೆ ಪುಟದ ಲೆಕ್ಕ ಬಿಟ್ಟುಬಿಡಿ. ಬೆರಳುಗಳ ಪ್ಯಾನೆಲ್ ಆದಮೇಲೆ ಎರಡು ಪರದೆಯಷ್ಟು ಬರೀ ಕಪ್ಪು ಕೊಡಿ, ಆಮೇಲೆ ಮುಖ. ಅಷ್ಟೇ.

ಎಂಟು ಪುಟಕ್ಕೂ ಗಡಿಯಾರ ಚಂದ್ರನೇ. ಕರೋಲಸ್ ಪದೇ ಪದೇ ಮೇಲೆ ನೋಡುತ್ತಾನೆ, ಚಂದ್ರ ನೆತ್ತಿಗೇರುವ ಮೊದಲು ಮುಟ್ಟಬೇಕು ಎಂದು ಅವಸರಿಸುತ್ತಾನೆ. ಪ್ರತಿ ಪ್ಯಾನೆಲ್‌ನಲ್ಲೂ ಚಂದ್ರನನ್ನು ಬಿಡಿಸಿದರೆ ಕ್ಯಾಲೆಂಡರ್ ಆಗುತ್ತದೆ. ನೆರಳಿನಿಂದ ಹೊತ್ತು ತೋರಿಸಿ. ಚಂದ್ರ ಆಗತಾನೇ ಎದ್ದಾಗ ಮರದ ನೆರಳು ದಾರಿಗಡ್ಡ ಉದ್ದಕ್ಕೆ ಮಲಗಿರುತ್ತದೆ, ಪುಟ ಸರಿದಂತೆ ಮೋಟಾಗುತ್ತದೆ. ಆದರೆ ನಮ್ಮೂರಿನ ಅಂಗಳದಲ್ಲಿ ಕಂಡಂತೆ ಕಾಲಡಿಗೇ ಬರುವ ನೆರಳು ಹಾಕಬೇಡಿ. ಫ್ರಾನ್ಸ್ ಇರುವ ಅಕ್ಷಾಂಶದಲ್ಲಿ ಚಂದ್ರ ಎಂದೂ ನಿಜವಾದ ನೆತ್ತಿಗೆ ಬರುವುದಿಲ್ಲ, ದಕ್ಷಿಣಕ್ಕೆ ವಾಲಿಯೇ ಇರುತ್ತಾನೆ. ಹೋವರ್ಡ್ ಟೆಕ್ಸಸ್‌ನ ಕ್ರಾಸ್ ಪ್ಲೇನ್ಸ್ ಊರಲ್ಲಿ ಕೂತು ಬರೆದವನು, ಫ್ರಾನ್ಸ್ ನೋಡಿದವನಲ್ಲ.

ಸದ್ದಿಲ್ಲದ ನಗು

ಈ ಕಥೆಯಲ್ಲಿ ಕಾಮಿಕ್ಸ್‌ಗೆಂದೇ ಮಾಡಿಟ್ಟಂಥ ಒಂದು ಸಂಗತಿ ಇದೆ. ಕರೋಲಸ್ ನಗುತ್ತಾನೆ, ಸದ್ದು ಬರುವುದಿಲ್ಲ. ಸಿನಿಮಾದಲ್ಲಿ ಸದ್ದು ಕಟ್ ಮಾಡಿದರೆ ಅದು ತಂತ್ರದಂತೆ ಕಾಣುತ್ತದೆ. ಗದ್ಯದಲ್ಲಿ 'ಸದ್ದಿಲ್ಲದೆ ನಕ್ಕ' ಎಂದು ಹೇಳಲೇಬೇಕು. ನಮಗೆ ಏನೂ ಮಾಡದಿದ್ದರೆ ಸಾಕು. ತಲೆ ಹಿಂದಕ್ಕೆ ಒಗೆದ ದೇಹ, ಅದುರುವ ಹೆಗಲು, ಮಾತಿನ ಬಲೂನ್ ಇಲ್ಲ. ಆದರೆ ಇಲ್ಲಿ ಒಂದು ಷರತ್ತಿದೆ: ಆ ಖಾಲಿ ಕಣ್ಣಿಗೆ ಬೀಳಬೇಕಾದರೆ ಅಕ್ಕಪಕ್ಕದಲ್ಲಿ ಸದ್ದು ತುಂಬಿರಬೇಕು. ಅದಕ್ಕೇ ಒಂದರಿಂದ ನಾಲ್ಕನೇ ಪುಟದವರೆಗೆ ನಾನು ಸದ್ದಿನ ಅಕ್ಷರಗಳನ್ನು ಧಾರಾಳವಾಗಿ ಹಾಕುತ್ತೇನೆ: ಎಲೆಗಳ ಸರಸರ, ಮಾಂತೂರ್‌ನ ಬೂಟಿನ ಟಕ್ ಟಕ್, ಒರೆಯ ಖಣಖಣ. ಕರೋಲಸ್‌ನ ಹೆಜ್ಜೆಗೆ ಏನೂ ಹಾಕುವುದಿಲ್ಲ; ಮೂಲದಲ್ಲೂ ಅವನು ಸದ್ದಿಲ್ಲದೆ ನಡೆಯುವವನೇ. ಎರಡು ಜೊತೆ ಕಾಲು, ಒಂದೇ ಜೊತೆ ಸದ್ದು. ಹೇಳಿಕೊಡದೆಯೂ ಮಕ್ಕಳು ಇದನ್ನು ಹಿಡಿಯುತ್ತಾರೆ.

ಇನ್ನು ಅವನ ಉಚ್ಚಾರ. ಅದು ಫ್ರೆಂಚೂ ಅಲ್ಲ, ಸ್ಪ್ಯಾನಿಷೂ ಅಲ್ಲ, ಇಂಗ್ಲಿಷೂ ಅಲ್ಲ, ಕೆಲವು ಶಬ್ದ ಎಳೆಯುತ್ತಾನೆ, ಕೆಲವು ಹೊರಡುವುದೇ ಇಲ್ಲ ಎಂದು ಮಾಂತೂರ್ ಹೇಳುತ್ತಾನೆ. ಕನ್ನಡದಲ್ಲಿ ಇದನ್ನು ತೋರಿಸಲು ಹಲವರು ಅಕ್ಷರಗಳನ್ನು ಅಲುಗಾಡಿಸುತ್ತಾರೆ, 'ನಾಆಆನು' ಎಂದೆಲ್ಲ ಬರೆಯುತ್ತಾರೆ. ನಗು ಬರುತ್ತದೆ. ನನ್ನ ದಾರಿ ಬೇರೆ: ತೋಳದ ಮೂತಿಗೆ ತುಟಿ ಕೂಡಿಸಲು ಆಗದು, ಆದ್ದರಿಂದ ಕರೋಲಸ್‌ನ ಮಾತಿನಲ್ಲಿ ಪವರ್ಗದ ಒಂದು ಅಕ್ಷರವೂ ಇರಬಾರದು. ಪ, ಫ, ಬ, ಭ, ಮ ಐದೂ ನಿಷಿದ್ಧ. ವಕಾರ ಬಿಟ್ಟುಕೊಟ್ಟಿದ್ದೇನೆ, ಇಲ್ಲದಿದ್ದರೆ ಕನ್ನಡ ಬರೆಯುವುದೇ ಕಷ್ಟ. ಅದೃಷ್ಟಕ್ಕೆ 'ನಾಯಿ'ಯಲ್ಲೂ ತುಟಿ ಕೂಡಬೇಕಿಲ್ಲ, 'ತೋಳ'ದಲ್ಲೂ ಬೇಕಿಲ್ಲ. 'ಕರೋಲಸ್ ಲ ಲೂ' ಎಂಬ ಹೆಸರಲ್ಲೂ ಇಲ್ಲ. ಮಾಂತೂರ್‌ನ ಹೆಸರನ್ನು ಮಾತ್ರ ಅವನು ಹೇಳಲಾರ, ಹಾಗಾಗಿ ಕೊನೆಯವರೆಗೂ 'ಅಯ್ಯಾ' ಎಂದೇ ಕರೆಯುತ್ತಾನೆ. ಕಾಡಿನಲ್ಲಿ ಪಿಶಾಚಿ ಇದೆಯಂತಲ್ಲ ಎಂದು ಮಾಂತೂರ್ ಕೇಳಿದಾಗ ಮೂಲದ ಉತ್ತರ, ನಾನಿಲ್ಲಿ ಎಷ್ಟೋ ಸಲ ಅಲೆದಿದ್ದೇನೆ, ಅದರ ಮುಖ ನೋಡಿಲ್ಲ ಎಂಬರ್ಥದ್ದು. ತನ್ನ ಮುಖವನ್ನು ತಾನೇ ನೋಡಿಕೊಳ್ಳಲಾಗದು ಎಂಬ ಕುಹಕ ಅದರಲ್ಲಿದೆ. 'ಮುಖ' ನಮಗೆ ವರ್ಜ್ಯ, ಕುಹಕ ಬಿಡುವಂತಿಲ್ಲ. ನಾನು ಬರೆದದ್ದು: 'ಹಳ್ಳಿಗರು ಹಾಗೆನ್ನುತ್ತಾರೆ. ಈ ಕಾಡಲ್ಲಿ ಎಷ್ಟೋ ಇರುಳು ಅಲೆದಿದ್ದೇನೆ, ಕಣ್ಣಾರೆ ಕಂಡಿಲ್ಲ.' ಮುಖ್ಯವಾದ ಶಾಪದ ಮಾತು ಹೀಗೆ ಬಂತು: 'ಅಜ್ಜಿಯರು ಹೇಳುತ್ತಾರೆ: ತೋಳವಾಗಿ ಸತ್ತರೆ ಸತ್ತ. ನರನಾಗಿ ಸತ್ತರೆ, ಕೊಂದಾತನ ಹಿಂದೆ ಅರೆಜೀವ ಅಲೆಯುತ್ತಲೇ ಇರುತ್ತದೆ.'

ಈ ನಿಯಮ ಓದುಗರಿಗೆ ತಿಳಿಯಬೇಕಾಗಿಲ್ಲ. ಜೋರಾಗಿ ಓದಿದವನ ತುಟಿಗೆ ತಿಳಿದರೆ ಸಾಕು.

ಅಕ್ಷರ ಕೂರಿಸುವಾಗ

ಕನ್ನಡದ ಪದ ಉದ್ದ, ಅದನ್ನು ಅಡ್ಡಗೆರೆ ಹಾಕಿ ಮುರಿದರೆ ಅಸಹ್ಯ. ಇಕ್ಕಟ್ಟು ಕಾಡುದಾರಿಗೆ ಸಹಜವಾಗಿ ಹೊಂದುವುದು ಎತ್ತರದ, ಸಪೂರ ಪ್ಯಾನೆಲ್‌ಗಳು. ಅವುಗಳಲ್ಲಿ ಕನ್ನಡ ಬಲೂನ್ ಹಿಡಿಸದು. ನಾಲ್ಕನೇ ಪುಟದಲ್ಲಿ ನಾಲ್ಕು ಸಪೂರ ಪ್ಯಾನೆಲ್‌ಗಳನ್ನು ಕಂಬಗಳ ಹಾಗೆ ನಿಲ್ಲಿಸಿ, ಬಲೂನ್‌ಗಳನ್ನು ಎರಡೆರಡು ಪ್ಯಾನೆಲ್ ಮೇಲೆ ಗಟರ್ (ಪ್ಯಾನೆಲ್‌ಗಳ ನಡುವಿನ ಸಂದು) ದಾಟಿಸಿ ಅಡ್ಡ ಮಲಗಿಸಿ. ಮಾತು ಮುಂದುವರಿಯುತ್ತಿದ್ದಂತೆ ನಡಿಗೆಯೂ ಮುಂದುವರಿಯುತ್ತದೆ. ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಅಂತರ ಬಿಡಿ. ಮೇಲೆ ಗುಡಿಸು, ಕೆಳಗೆ ಒತ್ತು, ಎರಡೂ ಒಂದಕ್ಕೊಂದು ಢಿಕ್ಕಿ ಹೊಡೆದರೆ 'ಷ್ಟ್ರ' ಓದಲಾಗದ ಗಂಟಾಗುತ್ತದೆ. 'ಬಾಲೂ ತಮ್ಮ' ಎಂಬ ಫಾಂಟ್ ಕಿರುಚಾಟಕ್ಕೆ ಚೆನ್ನಾಗಿದೆ, ಮಾತಿಗೆ ದಪ್ಪವಾಯಿತು. ನಾನು ಕೈಯಲ್ಲೇ ಬರೆಯುತ್ತೇನೆ. ಹಳೆಯ ಫೋಟೊಶಾಪ್‌ನಲ್ಲಿ ಒತ್ತಕ್ಷರ ಚದುರಿ ಬಿದ್ದರೆ ಟೈಪ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಲೇಔಟ್ ಆರಿಸಿ. ಇಂಕ್‌ಸ್ಕೇಪ್‌ನಲ್ಲಿ ಆ ತಲೆನೋವಿಲ್ಲ.

ಕ್ಯಾಪ್ಶನ್‌ಗಳ (ಚಿತ್ರದ ಜೊತೆ ಬರುವ ನಿರೂಪಣೆಯ ಸಾಲುಗಳ) ಬಗ್ಗೆ ಹಿರಿಯರನ್ನು ನೋಡಿ ಕಲಿಯುವುದೂ ಇದೆ, ನೋಡಿ ಬಿಡುವುದೂ ಇದೆ. 1970ರ ಅಕ್ಟೋಬರ್ ದಿನಾಂಕದ 'ಕೊನಾನ್ ದ ಬಾರ್ಬೇರಿಯನ್' ಮೊದಲ ಸಂಚಿಕೆಯಿಂದ ರಾಯ್ ಥಾಮಸ್ ಹೋವರ್ಡ್‌ನ ಗದ್ಯದ ಧಾಟಿಯನ್ನೇ ಕ್ಯಾಪ್ಶನ್‌ಗೆ ತಂದರು. ಅದು ಆ ಕಾಲದ ರುಚಿ. ಚಿತ್ರ ಹೇಳಿದ್ದನ್ನೇ ಕ್ಯಾಪ್ಶನ್ ಮತ್ತೆ ಹೇಳುವುದು ನನಗೆ ಹಿಡಿಸದು. ನನ್ನ ಸೂತ್ರ ಸರಳ: ಚಿತ್ರಕ್ಕೆ ಆಗದ್ದು ಮಾತ್ರ ಕ್ಯಾಪ್ಶನ್‌ಗೆ. ಈ ಕಥೆಯಲ್ಲಿ ಚಿತ್ರಕ್ಕೆ ಆಗದ್ದು ವಾಸನೆ. ಬಯಲಿಗೆ ಬಂದಾಗ ಮಾಂತೂರ್‌ಗೆ ಕೂದಲು ಸುಟ್ಟಂಥ, ಗೂಡಿನ ಗಬ್ಬು ನಾತ ಬರುತ್ತದೆ. ಇಲ್ಲಿ ತೋಳಗಳ ಬಿಲವಿದೆ ಎಂದು ಅವನೇ ಬಾಯಿಬಿಟ್ಟು ಹೇಳುತ್ತಾನೆ. ಆ ಮಾತನ್ನು ಉಳಿಸಿ. ಉಳಿದ ಕ್ಯಾಪ್ಶನ್‌ಗಳಲ್ಲಿ ಮುಕ್ಕಾಲು ಪಾಲನ್ನು ನಿರ್ದಯೆಯಿಂದ ಹೊಡೆದುಹಾಕಿ.

ಆ ಹಳೆಯ ಕಾಮಿಕ್ಸ್‌ಗಳಲ್ಲಿ ತೋಳಮಾನವರು ಏಕೆ ತಡವಾಗಿ ಬಂದರು ಎಂಬುದಕ್ಕೂ ಒಂದು ಕಾರಣವಿದೆ, ತಿಳಿದಿದ್ದರೆ ಒಳ್ಳೆಯದು. 1954ರ ಅಮೆರಿಕದ ಕಾಮಿಕ್ಸ್ ಕೋಡ್ (ಪ್ರಕಾಶಕರು ತಾವೇ ಹಾಕಿಕೊಂಡ ನಿಯಮಾವಳಿ) ರಕ್ತಪಿಶಾಚಿ, ನಡೆದಾಡುವ ಹೆಣಗಳ ಜೊತೆ ತೋಳಮಾನವರನ್ನೂ ನಿಷೇಧಿಸಿತು. 1971ರಲ್ಲಿ ಸಡಿಲಿಸಿ, ಒಳ್ಳೆಯ ಸಾಹಿತ್ಯದ ಪರಂಪರೆಯಲ್ಲಿ ಬಂದರೆ ಪರವಾಗಿಲ್ಲ ಎಂದಿತು. ಮರುವರ್ಷವೇ 'ಮಾರ್ವೆಲ್ ಸ್ಪಾಟ್‌ಲೈಟ್' ಎರಡನೇ ಸಂಚಿಕೆಯಲ್ಲಿ ಮೈಕ್ ಪ್ಲೂಗ್ ಚಿತ್ರಿಸಿದ 'ವೇರ್‌ವುಲ್ಫ್ ಬೈ ನೈಟ್' ಬಂತು. ಪ್ಲೂಗ್‌ನ ಕೈ ನೋಡಿ, ತೋಳದ ದೇಹಭಾರ ಮುಂಗಾಲ ಮೇಲೆ ಹೇಗೆ ಬೀಳುತ್ತದೆ ಎಂದು ಕಲಿಯಬಹುದು. 1973ರಲ್ಲಿ 'ಸೂಪರ್‌ನ್ಯಾಚುರಲ್ ಥ್ರಿಲ್ಲರ್ಸ್' ಮೂರನೇ ಸಂಚಿಕೆಯಲ್ಲಿ ಹೋವರ್ಡ್‌ನ 'ದ ವ್ಯಾಲಿ ಆಫ್ ದ ವರ್ಮ್' ಬಂದದ್ದು ಗಿಲ್ ಕೇನ್ ಚಿತ್ರಗಳಲ್ಲಿ. ಅಲ್ಲಿ ತೋಳವಿಲ್ಲ, ಆದರೆ ಸಣ್ಣ ಕಥೆಯೊಂದನ್ನು ಒಂದೇ ಸಂಚಿಕೆಗೆ ಹಿಡಿಸುವ ಪಾಠವಿದೆ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಗುರು 1974ರಲ್ಲಿ ಶುರುವಾದ ಕಪ್ಪು-ಬಿಳುಪಿನ 'ದ ಸ್ಯಾವೇಜ್ ಸೋರ್ಡ್ ಆಫ್ ಕೊನಾನ್'. ಮ್ಯಾಗಜೀನ್ ಆದ್ದರಿಂದ ಅದಕ್ಕೆ ಕೋಡ್ ಇರಲಿಲ್ಲ. ಜಾನ್ ಬುಸೆಮಾನ ಪೆನ್ಸಿಲ್ ಮೇಲೆ ಫಿಲಿಪ್ಪೀನ್ಸ್‌ನ ಆಲ್ಫ್ರೆಡೊ ಅಲ್ಕಾಲಾ ಎಳೆದ ಶಾಯಿ ಗೆರೆಗಳನ್ನು ಭೂತಗನ್ನಡಿ ಹಿಡಿದು ನೋಡಿ. ಒಂದು ಮರದ ತೊಗಟೆಗೆ ಅಷ್ಟು ತಾಳ್ಮೆ.

ಕಾಡು, ತೋಳ, ಶಾಯಿ

ನಮ್ಮ ತೋಳವನ್ನು ನೋಡಿ ಫ್ರಾನ್ಸಿನ ತೋಳವನ್ನು ಬಿಡಿಸಬೇಡಿ. ಕೊಪ್ಪಳದ ಕಡೆ, ಮೇಲುಕೋಟೆಯ ಸುತ್ತ ಇರುವ ತೋಳ ಕುರುಚಲು ಬಯಲಿನದು. ಸಣಕಲು ಮೈ, ಗಿಡ್ಡ ರೋಮ, ಕಂದು ಬಣ್ಣ. ಯೂರೋಪಿನ ಕಾಡಿನ ತೋಳಕ್ಕೆ ಕುತ್ತಿಗೆಯ ಸುತ್ತ ದಟ್ಟ ತುಪ್ಪಳ, ಅಗಲ ಕೆನ್ನೆ. ಹಾಗಂತ ಕರೋಲಸ್ ಬಡಕಲು ಆಸಾಮಿ ಎಂದು ಕಥೆಯೇ ಹೇಳುತ್ತದೆ, ಆದ್ದರಿಂದ ಮುಖ ತುಂಬಿಕೊಂಡಿರಲಿ, ಮೈಕಟ್ಟು ಮಾತ್ರ ನಮ್ಮ ತೋಳದಂತೆ ಸೊರಗಿರಲಿ. ಆ ಹೊಂದಿಕೆಯಾಗದ ತಲೆಯೇ ಹೆದರಿಸುತ್ತದೆ. ತೋಳ ಬೆರಳ ಮೇಲೆ ನಡೆಯುವ ಪ್ರಾಣಿ, ಹಿಂಗಾಲಲ್ಲಿ ಹಿಂದಕ್ಕೆ ಬಾಗಿದ ಮಂಡಿಯಂತೆ ಕಾಣುವುದು ಅದರ ಹಿಮ್ಮಡಿ. ಎಂಟನೇ ಪುಟದಲ್ಲಿ ಇದು ಬೇಕಾಗುತ್ತದೆ, ಮೊದಲೇ ಬಿಡಿಸಿ ರೂಢಿ ಮಾಡಿಕೊಳ್ಳಿ.

ಕಾಡಿಗೆ ಫ್ರೆಂಚ್ ಚಿತ್ರಕಾರ ಗುಸ್ತಾವ್ ಡೊರೆ ಸಾಕು. ಕಥೆಗಾರ ಪೆರೋನ ಕಿನ್ನರ ಕಥೆಗಳಿಗೆ ಅವನು ಮಾಡಿದ 1862ರ ಚಿತ್ರಗಳಲ್ಲಿ ಓಕ್ ಮರದ ಗಂಟುಗಳು, ಅದರಡಿಯ ಸಣ್ಣ ಮನುಷ್ಯರು ಎಲ್ಲ ಇವೆ, ಹಕ್ಕೂ ಮುಗಿದಿದೆ. ಓಕ್ ಗಂಟುಗಂಟು, ಬೀಚ್ ನುಣುಪು. ನಡುವೆ ಅಪ್ಪಿತಪ್ಪಿಯೂ ಬಿದಿರಿನ ಮೆಳೆ ನುಸುಳಬಾರದು. ಕೈಗೆ ರೂಢಿಯಾದ ಗಿಡ ತಾನಾಗಿಯೇ ಬಂದುಬಿಡುತ್ತದೆ, ಕಾವಲಿರಬೇಕು.

ಶಾಯಿಯಲ್ಲಿ ನಾನು ಮಾಡುವುದು ಹೀಗೆ. ಎ3 ಅಳತೆಯ ಬ್ರಿಸ್ಟಲ್ ಹಾಳೆ (ದಪ್ಪ, ನುಣುಪಾದ ಚಿತ್ರದ ಹಾಳೆ). ಮೊದಲು ಕಪ್ಪನ್ನು ತುಂಬುತ್ತೇನೆ, ಗೆರೆ ಆಮೇಲೆ. ಬೆಳದಿಂಗಳನ್ನು ಬಿಡಿಸಲಾಗದು, ಬಿಡಬೇಕು. ಹಾಳೆಯ ಬಿಳಿಯೇ ಬೆಳಕು. ಮೊದಲ ನಾಲ್ಕು ಪುಟಗಳಲ್ಲಿ ಕಪ್ಪು ಹೆಚ್ಚುತ್ತಾ ಹೋಗಿ, ಐದರಲ್ಲಿ ಬಯಲು ಬಂದಾಗ ದಿಢೀರನೆ ಬಿಳಿ ತೆರೆದುಕೊಳ್ಳಲಿ. ಕುಣಿತಕ್ಕೆ ಪ್ಯಾನೆಲ್ ಗೆರೆಗಳೇ ಬೇಡ: ಬಿಳಿಯ ನಡುವೆ ಒಬ್ಬನೇ ಕರೋಲಸ್ ಐದಾರು ಭಂಗಿಗಳಲ್ಲಿ ಸುತ್ತಿ ಬರಲಿ, ಪ್ರತಿ ಭಂಗಿಗೂ ನೆಲಕ್ಕೆ ಇನ್ನಷ್ಟು ಹತ್ತಿರ, ಕೊನೆಯದರಲ್ಲಿ ನಾಲ್ಕು ಕಾಲು. ಮಾಂತೂರ್ ಅಂಚಿನಲ್ಲಿ ಚಿಕ್ಕದಾಗಿ ನಿಂತು ದಾರಿ ಮುಗಿದಿರುವುದನ್ನು ನೋಡುತ್ತಿರಲಿ. ಈ ಪುಟಕ್ಕೆ ನಾನು ಉಳಿದ ಯಾವ ಪುಟಕ್ಕಿಂತಲೂ ಹೆಚ್ಚು ಹೊತ್ತು ಕೊಡುತ್ತೇನೆ. ಸ್ಕ್ಯಾನ್ 600 ಡಿಪಿಐಗೆ ಕಡಿಮೆ ಬೇಡ.

ಆರನೇ ಪುಟದ ಮುಖದ ಬಗ್ಗೆ ಒಂದೇ ಮಾತು. ಬಾಯಿ ತೆರೆದು ಗರ್ಜಿಸುವ ತೋಳ ಎಲ್ಲರೂ ಬಿಡಿಸುತ್ತಾರೆ. ಬಾಯಿ ಸ್ವಲ್ಪವೇ ತೆರೆದಿರಲಿ, ಕಣ್ಣು ನೇರ ಓದುಗನ ಮೇಲಿರಲಿ, ಅದರ ಕೆಳಗೆ ಕಾಲರ್ ನೀಟಾಗಿರಲಿ.

ಹೋರಾಟ ಬೇಗ ಮುಗಿಸಿ, ಕಾಯುವುದನ್ನು ಎಳೆಯಿರಿ

ಏಳನೇ ಪುಟದಲ್ಲಿ ಆಯುಧಗಳ ಲೆಕ್ಕ ತಪ್ಪಬಾರದು. ಕರೋಲಸ್ ತನ್ನ ಕತ್ತಿಯನ್ನು ಹಿರಿಯುವುದೇ ಇಲ್ಲ, ಅದು ಒರೆಯಲ್ಲೇ ತೂಗಾಡುತ್ತಿರುತ್ತದೆ. ಮಾಂತೂರ್‌ನ ರೇಪಿಯರ್ ಅರ್ಧ ಹೊರಬಂದಾಗಲೇ ಅವನು ನೆಲಕ್ಕೆ ಬಿದ್ದ. ಆ ಕತ್ತಿಯನ್ನು ಪಂಜ ಕಿತ್ತುಕೊಂಡಿತು. ಉಳಿದದ್ದು ಮುಷ್ಟಿ. ಕೊನೆಗೆ ಕೈ ಸೋತು ಬಿದ್ದ ಕಡೆ ಬಾಕುವಿನ ಹಿಡಿ ಸಿಗುತ್ತದೆ, ಇರಿಯುತ್ತಾನೆ. ಬಾಕು ಎಲ್ಲಿಂದ ಬಂತು ಎಂದು ಓದುಗ ಕೇಳದಿರಲು ಒಂದನೇ ಪುಟದಲ್ಲೇ ಅವನ ಸೊಂಟದ ಮೇಲೆ ಅದನ್ನು ತೋರಿಸಿಡಿ. ಸಣ್ಣ ಸಣ್ಣ ಪ್ಯಾನೆಲ್‌ಗಳು, ಓರೆ ಗಟರ್‌ಗಳು, ಮಾತಿಲ್ಲ. ಒಂದು ಪುಟಕ್ಕಿಂತ ಹೆಚ್ಚು ಕೊಡಬೇಡಿ.

ಏಕೆಂದರೆ ಕಥೆಯ ನಿಜವಾದ ಭೀತಿ ಎಂಟರಲ್ಲಿದೆ. ತೋಳ ಗಾಯಗೊಂಡು ಕಾಲಡಿ ಬಿದ್ದಿದೆ. ಮಾಂತೂರ್ ಬಾಕು ಎತ್ತಿ, ನಿಲ್ಲಿಸಿ, ಮೇಲೆ ನೋಡುತ್ತಾನೆ. ಚಂದ್ರ ಇನ್ನೂ ನೆತ್ತಿಗೆ ಬಂದಿಲ್ಲ. ಈಗ ಕೊಂದರೆ ಕರೋಲಸ್ ಮನುಷ್ಯನಾಗಿ ಸಾಯುತ್ತಾನೆ, ಅರೆಜೀವ ಜನ್ಮಪೂರ್ತಿ ಬೆನ್ನು ಹತ್ತುತ್ತದೆ. ಅವನು ಕೂತು ಕಾಯುತ್ತಾನೆ. ಕೊಲ್ಲಲೆಂದೇ, ತನ್ನನ್ನು ದಿಟ್ಟಿಸುತ್ತಿರುವ ಪ್ರಾಣಿಯ ಎದುರು ಕೂತು ಚಂದ್ರನಿಗೆ ಕಾಯುವುದು! ಇದಕ್ಕೆ ಒಂದೇ ಕೋನದಿಂದ, ಒಂದೇ ಅಳತೆಯ ಆರು ಪ್ಯಾನೆಲ್ ಹಾಕಿ. ಇಬ್ಬರೂ ಕದಲುವುದಿಲ್ಲ, ಮರದ ನೆರಳು ಮಾತ್ರ ಗಿಡ್ಡವಾಗುತ್ತಾ ಬರುತ್ತದೆ. ನಾಲ್ಕನೆಯದರಲ್ಲಿ ಬೂಟು ಸೊಟ್ಟಗಾಗಿರುವುದು, ಐದರಲ್ಲಿ ತೋಳಂಚಿನ ಬಟ್ಟೆಯಿಂದ ರೋಮ, ಆರರಲ್ಲಿ ಹಿಮ್ಮಡಿ ಹಿಂದಕ್ಕೆ ಸರಿದಿರುವುದು. ಹುಡುಗರು ಮೊದಲ ಪುಟದಲ್ಲೇ ಹಾಕಲು ಹವಣಿಸುವ ರೂಪಾಂತರ ಬರಬೇಕಾದ ಜಾಗ ಇದು. ಅದೂ ಬರೀ ಕೈಕಾಲಲ್ಲಿ, ಇಷ್ಟು ಸದ್ದಿಲ್ಲದೆ. ಆಮೇಲೆ ಮಾಂತೂರ್ ತೋಳದ ಕತ್ತಿಯನ್ನೇ ಎತ್ತಿಕೊಳ್ಳುತ್ತಾನೆ, ಇಡೀ ಕಥೆಯಲ್ಲಿ ಆ ಕತ್ತಿ ಒರೆ ಬಿಟ್ಟು ಬರುವುದು ಆಗ ಮಾತ್ರ. ಕಡಿಯುವುದನ್ನು ತೋರಿಸಬೇಡಿ, ಎತ್ತಿದ ಕತ್ತಿ, ಆಮೇಲೆ ಎಸೆದ ಕತ್ತಿ, ಓಡುವ ಬೆನ್ನು. ಮೂಲವೂ ಅಲ್ಲಿಗೇ ನಿಲ್ಲುತ್ತದೆ.

ಮುಂದುವರಿದ ಕಥೆ 'ವುಲ್ಫ್ಸ್‌ಹೆಡ್' 1926ರ ಏಪ್ರಿಲ್ ಸಂಚಿಕೆಯದು, ಆ ಸಂಚಿಕೆಯ ರಕ್ಷಾಪುಟವೂ ಅದರದ್ದೇ. ಅಮೆರಿಕದಲ್ಲೂ 2022ರಿಂದ ಅದರ ಹಕ್ಕು ಮುಗಿದಿದೆ. ಅಲ್ಲಿ ಅದೇ ದೆ ಮಾಂತೂರ್ ಆಫ್ರಿಕದ ಪಶ್ಚಿಮ ಕರಾವಳಿಯ ಒಂದು ಪೋರ್ಚುಗೀಸ್ ಕೋಟೆಯಲ್ಲಿ, ಶಾಪ ಹೊತ್ತುಕೊಂಡೇ ಕಾಣಿಸಿಕೊಳ್ಳುತ್ತಾನೆ. ತುಂಬ ಪಾತ್ರಗಳು, ಎಂಟು ಪುಟಕ್ಕೆ ಮುಗಿಯುವುದಿಲ್ಲ, ನಲವತ್ತಾದರೂ ಬೇಕು. ಆಫ್ರಿಕದ ಜನರನ್ನು ಅದು ಬಿಂಬಿಸುವ ರೀತಿ ಹೀನಾಯ, ಇದ್ದಂತೆ ಚಿತ್ರಿಸಿದರೆ ತಪ್ಪು ನಿಮ್ಮದೇ ಆಗುತ್ತದೆ. ಕೋಟೆಯ ಹೊರಗಿನವರಿಗೂ ಹೆಸರು, ಮುಖ, ಕಾರಣ ಕೊಟ್ಟು ಹೊಸದಾಗಿ ಬರೆಯುವ ಧೈರ್ಯವಿದ್ದರೆ ಮಾತ್ರ ಕೈಹಾಕಿ. ಅದಕ್ಕೆ ಮೊದಲು ಈ ಎಂಟು ಪುಟ ಮುಗಿಸಿ, ಫೋಟೊಕಾಪಿ ಹೊಡೆಸಿ, ನಡುವೆ ಪಿನ್ ಹಾಕಿ. ರಕ್ಷಾಪುಟವನ್ನು ಬೇರೆ ಹಾಳೆಯಲ್ಲಿ ಮಾಡಿ, ಪುಟದ ಎಣಿಕೆಗೆ ಸೇರಿಸಬೇಡಿ. ಸೇರಿಸಿ ಒಂದು ಪುಟ ಮುಂದೆ ಸರಿದರೆ ತೋಳದ ಮುಖ ಬಲಕ್ಕೆ ಹೋಗಿಬಿಡುತ್ತದೆ.